ಸೆಷನ್ ವೇರಿಯಬಲ್‌ಗೆ ಹೆಸರಿಡುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

‘ಲಾಗಿನ್ ಆಗುತ್ತದೆ, ಮುಂದಿನ ಪುಟಕ್ಕೆ ಹೋದರೆ ಮತ್ತೆ ಲಾಗಿನ್ ಆಗಿ ಎನ್ನುತ್ತದೆ.’ ‘ಕಾರ್ಟ್‌ಗೆ ಹಾಕಿದ ವಸ್ತು ಪುಟ ಬದಲಿಸಿದ ಕೂಡಲೇ ಮಾಯ.’ ಇಂಥ ದೂರುಗಳ ಜತೆ ಬಂದ ಕೋಡ್ ಬಿಚ್ಚಿ ನೋಡಿದಾಗಲೆಲ್ಲ ನನಗೆ ಹೆಚ್ಚಾಗಿ ಕಂಡದ್ದು ಎರಡೇ ರೋಗ. ಒಂದು, ಇಡುವಾಗ ಒಂದು ಹೆಸರು, ಕೇಳುವಾಗ ಇನ್ನೊಂದು. ಎರಡು, ಒಂದೇ ಹೆಸರನ್ನು ಎರಡು ಪುಟಗಳು ಬೇರೆ ಬೇರೆ ಕೆಲಸಕ್ಕೆ ಬಳಸಿವೆ. ಮೊದಲನೆಯದು ತಲೆನೋವು ಮಾತ್ರ. ಎರಡನೆಯದು ಬೀಗ ಮುರಿಯದೆಯೇ ಕಳ್ಳ ಒಳಬರುವ ದಾರಿ.

ಫಂಕ್ಷನ್ ಒಳಗಿನ ವೇರಿಯಬಲ್‌ಗೆ ಏನು ಹೆಸರಿಟ್ಟರೂ ಅದರ ಫಲ ಆ ಫಂಕ್ಷನ್‌ಗೇ ಸೀಮಿತ. ಸೆಷನ್ ಹಾಗಲ್ಲ. ಒಬ್ಬ ಬಳಕೆದಾರನ ಬಗ್ಗೆ ಪುಟದಿಂದ ಪುಟಕ್ಕೆ ನೆನಪಿಡಬೇಕಾದ ಮಾಹಿತಿಯನ್ನು ಇಡುವ ಜಾಗ ಅದು, ತಾಣದ ಪುಟಗಳೆಲ್ಲ ಕೈಹಾಕುವ ಒಂದೇ ಕಪಾಟು. ಪುಟ ಬರೆಯುತ್ತಿರುವಾಗ ತೋಚಿದ ಹೆಸರನ್ನು ಅಲ್ಲೇ ಗೀಚಿ ಮುಂದೆ ಹೋಗುವ ಅಭ್ಯಾಸ ಇಲ್ಲಿ ನಡೆಯದು. ಕೆಳಗಿನ ಹಂತಗಳನ್ನು ಕೊಟ್ಟ ಕ್ರಮದಲ್ಲೇ ಮಾಡಿ. ಪಟ್ಟಿ ಮಾಡುವ ಮೊದಲೇ ಹೆಸರು ಬದಲಿಸಲು ಹೊರಟವರು ಅರ್ಧ ದಾರಿಯಿಂದ ಹಿಂದಿರುಗಿ ಬರುವುದನ್ನು ನೋಡಿದ್ದೇನೆ.

ಒಂದು ಮಾತು: ಓದಲು ಸುಲಭವಾಗಲೆಂದು ಉದಾಹರಣೆಯ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ನಿಮ್ಮ ಕೋಡ್‌ನಲ್ಲಿ ಅವು ರೋಮನ್ ಲಿಪಿಯ ಸಣ್ಣ ಅಕ್ಷರಗಳಲ್ಲಿರಲಿ. ಕಾರಣ ಮೂರನೆಯ ಹಂತದಲ್ಲಿದೆ.

## ಮೊದಲು ಕೈಗೆ ಬೇಕಾದವು

ಇಡೀ ಪ್ರಾಜೆಕ್ಟ್‌ನಲ್ಲಿ ಒಟ್ಟಿಗೆ ಹುಡುಕಬಲ್ಲ ಎಡಿಟರ್, ಅಥವಾ ಕಡತಗಳೊಳಗೆ ಪದ ಹುಡುಕುವ ಗ್ರೆಪ್ ಕಮ್ಯಾಂಡ್. ಅಭಿವೃದ್ಧಿಯ ಯಂತ್ರದಲ್ಲಿ ಎಲ್ಲ ಎಚ್ಚರಿಕೆಗಳೂ ತೆರೆಯ ಮೇಲೆ ಕಾಣುವ ವ್ಯವಸ್ಥೆ. ಪಿಎಚ್‌ಪಿಯಲ್ಲಿ ಎರರ್ ಮಟ್ಟವನ್ನು ‘ಇ_ಆಲ್’ ಮಾಡಿಕೊಳ್ಳಿ. ಸೆಷನ್‌ನಲ್ಲಿ ಈಗ ಏನಿದೆ ಎಂದು ಪೂರ್ತಿ ಮುದ್ರಿಸಿ ತೋರಿಸುವ ಒಂದು ಚಿಕ್ಕ ಪುಟ. ಆ ಪುಟ ನಿಜವಾದ ಸರ್ವರ್‌ಗೆ ಎಂದೂ ಹೋಗಬಾರದು.

## ಹಂತ 1: ಮೂರು ಹೆಸರುಗಳ ಗೊಂದಲ ಬಿಡಿಸಿಕೊಳ್ಳಿ

ಸೆಷನ್‌ನ ಹೆಸರು, ಸೆಷನ್‌ನ ಐಡಿ, ಸೆಷನ್ ವೇರಿಯಬಲ್‌ನ ಹೆಸರು ಮೂರೂ ಬೇರೆ. ಮೊದಲನೆಯದು ಕುಕಿಯ, ಅಂದರೆ ತಾಣ ಬ್ರೌಸರ್‌ನಲ್ಲಿ ಇಟ್ಟುಹೋಗುವ ಚಿಕ್ಕ ಚೀಟಿಯ ಹೆಸರು; ಪಿಎಚ್‌ಪಿ ತಾನಾಗಿ ಇಡುವುದು ‘ಪಿಎಚ್‌ಪಿಸೆಸ್‌ಐಡಿ’, ಜಾವಾಸ್ಕ್ರಿಪ್ಟ್‌ನ ಸರ್ವರ್ ಚೌಕಟ್ಟಾದ ಎಕ್ಸ್‌ಪ್ರೆಸ್‌ನಲ್ಲಿ ‘ಕನೆಕ್ಟ್.ಸಿಡ್’. ಎರಡನೆಯದು ಆ ಕುಕಿಯೊಳಗಿನ ಉದ್ದನೆಯ ಗುರುತು. ಮೂರನೆಯದು ಸರ್ವರ್‌ನಲ್ಲಿ ನೀವು ಮಾಹಿತಿ ಇಡುವ ಕೀ. ಈ ಬರಹ ಮುಖ್ಯವಾಗಿ ಮೂರನೆಯದರ ಬಗ್ಗೆ.

ಮೊದಲನೆಯದರ ಬಗ್ಗೆ ಎರಡು ಮಾತು ಸಾಕು. ಪಿಎಚ್‌ಪಿಯಲ್ಲಿ ಸೆಷನ್‌ನ ಹೆಸರು ಅಕ್ಷರ ಮತ್ತು ಅಂಕಿಗಳಿಂದ ಮಾತ್ರ ಇರಬೇಕು, ಕನಿಷ್ಠ ಒಂದು ಅಕ್ಷರ ಇರಲೇಬೇಕು, ಮತ್ತು ಸೆಷನ್ ಆರಂಭಿಸುವ ಮೊದಲೇ ಅದನ್ನು ಹೇಳಬೇಕು. ಚುಕ್ಕೆ ಹಾಕಿದರೆ ಕೆಟ್ಟಿರಿ: ಒಳಬರುವ ಕುಕಿಯ ಹೆಸರಿನಲ್ಲಿರುವ ಚುಕ್ಕೆಯನ್ನು ಪಿಎಚ್‌ಪಿ ಅಂಡರ್‌ಸ್ಕೋರ್ ಮಾಡಿಬಿಡುತ್ತದೆ, ಆಮೇಲೆ ತನ್ನ ಕುಕಿಯನ್ನು ತಾನೇ ಗುರುತಿಸುವುದಿಲ್ಲ.

ಇನ್ನೊಂದು, ಒಂದೇ ಡೊಮೇನ್‌ನಲ್ಲಿ ಎರಡು ಅಪ್ಲಿಕೇಷನ್‌ಗಳು ಇದ್ದು, ಎರಡೂ ಅದೇ ಕುಕಿ ಹೆಸರು ಮತ್ತು ಅದೇ ಉಗ್ರಾಣ ಬಳಸಿದರೆ ಅವುಗಳ ವೇರಿಯಬಲ್‌ಗಳು ಒಂದೇ ಕಪಾಟಿನಲ್ಲಿ ಕಲಸಿಹೋಗುತ್ತವೆ. ಒಂದರಲ್ಲಿ ‘ರೋಲ್’ ಎಂದು ಇಟ್ಟದ್ದನ್ನು ಇನ್ನೊಂದು ತನ್ನದೆಂದು ನಂಬುತ್ತದೆ. ಪ್ರತಿ ಅಪ್ಲಿಕೇಷನ್‌ಗೂ ಬೇರೆ ಸೆಷನ್ ಹೆಸರು ಕೊಡಿ, ಮಾಹಿತಿ ಇಡುವ ಜಾಗವನ್ನೂ ಬೇರೆ ಮಾಡಿ.

## ಹಂತ 2: ಈಗಿರುವ ಹೆಸರುಗಳನ್ನೆಲ್ಲ ಬರೆದುಕೊಳ್ಳಿ

ಸೆಷನ್ ಎಂಬ ಪದ ಬರುವ ಪ್ರತಿ ಸಾಲನ್ನೂ ಹುಡುಕಿ ತೆಗೆಯಿರಿ. ಪ್ರತಿ ಹೆಸರಿನ ಮುಂದೆ ನಾಲ್ಕು ವಿಷಯ ಬರೆಯಿರಿ: ಯಾವ ಕಡತ ಬರೆಯುತ್ತದೆ, ಯಾವ ಕಡತಗಳು ಓದುತ್ತವೆ, ಒಳಗೆ ಏನಿರುತ್ತದೆ, ಯಾವಾಗ ಅಳಿಸಲಾಗುತ್ತದೆ.

ಇದು ಬೇಸರದ ಕೆಲಸ, ಆದರೆ ಅರ್ಧ ಪಾಲು ತಪ್ಪು ಇಲ್ಲೇ ಮುಖ ತೋರಿಸುತ್ತದೆ. ನಾನು ಹೀಗೆ ಪಟ್ಟಿ ಮಾಡಿದ ಒಂದು ಪ್ರಾಜೆಕ್ಟ್‌ನಲ್ಲಿ ‘ಯೂಸರ್ಐಡಿ’, ‘ಯೂಸರ್_ಐಡಿ’, ‘ಯುಐಡಿ’ ಮೂರೂ ಇದ್ದವು. ಮೂರೂ ಒಬ್ಬನೇ ಬಳಕೆದಾರನ ಸಂಖ್ಯೆ. ಲಾಗ್‌ಔಟ್ ಪುಟ ಅಳಿಸುತ್ತಿದ್ದದ್ದು ಎರಡನ್ನು ಮಾತ್ರ. ಅದನ್ನು ಬರೆದವನು ನಾನೇ ಎಂಬುದನ್ನೂ ಹೇಳಿಬಿಡುತ್ತೇನೆ.

ಬರೆಯುವ ಕಡತ ಇದ್ದು ಓದುವ ಕಡತ ಇಲ್ಲದ ಹೆಸರು ಕಸ. ಓದುವ ಕಡತ ಇದ್ದು ಬರೆಯುವ ಕಡತ ಇಲ್ಲದ ಹೆಸರು ಬಹುತೇಕ ಕಾಗುಣಿತದ ತಪ್ಪು. ಬರೆಯುವ ಕಡತಗಳು ಒಂದಕ್ಕಿಂತ ಹೆಚ್ಚಿದ್ದರೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ. ಐದನೆಯ ಹಂತದಲ್ಲಿ ಅದು ಬೇಕಾಗುತ್ತದೆ.

## ಹಂತ 3: ನಿಮ್ಮ ಭಾಷೆ ಯಾವ ಹೆಸರನ್ನು ನುಂಗುತ್ತದೆ ಎಂದು ತಿಳಿಯಿರಿ

ತಪ್ಪು ಹೆಸರಿಗೆ ಎಲ್ಲ ವ್ಯವಸ್ಥೆಗಳೂ ಜೋರಾಗಿ ಕೂಗುವುದಿಲ್ಲ. ಕೆಲವು ಸದ್ದಿಲ್ಲದೆ ಮಾಹಿತಿಯನ್ನು ಕೈಬಿಡುತ್ತವೆ. ಅದಕ್ಕೇ ಈ ಹಂತದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಪಿಎಚ್‌ಪಿ. ಸೆಷನ್ ಕಡತವನ್ನು ಒಮ್ಮೆ ತೆರೆದು ನೋಡಿ. ಅದರ ಹೆಸರು ‘ಸೆಸ್_’ ಎಂದು ಶುರುವಾಗಿ ಮುಂದೆ ಐಡಿ ಇರುತ್ತದೆ. ಒಳಗೆ ವೇರಿಯಬಲ್‌ನ ಹೆಸರು, ಒಂದು ಲಂಬ ಗೆರೆ, ಆಮೇಲೆ ಮೌಲ್ಯ. ಅದರ ಬೆನ್ನಿಗೇ ಮುಂದಿನ ಹೆಸರು, ಮತ್ತೆ ಗೆರೆ. ಅಂದರೆ ಹೆಸರು ಎಲ್ಲಿ ಮುಗಿಯಿತೆಂದು ಪಿಎಚ್‌ಪಿಗೆ ಹೇಳುವುದೇ ಆ ಗೆರೆ. ನಿಮ್ಮ ಹೆಸರಿನೊಳಗೇ ಗೆರೆ ಇದ್ದರೆ? ಪುಟದ ಕೊನೆಯಲ್ಲಿ ಸೆಷನ್ ಬರೆಯುವ ಕೆಲಸವೇ ಕೆಡುತ್ತದೆ, ಜತೆಗಿದ್ದ ನಿರಪರಾಧಿ ವೇರಿಯಬಲ್‌ಗಳೂ ಕಳೆದುಹೋಗಬಹುದು. ಆಶ್ಚರ್ಯಸೂಚಕ ಚಿಹ್ನೆಯೂ ಬೇಡ.

ಬರೀ ಅಂಕಿಯ ಹೆಸರು ಇನ್ನೂ ಸಾಮಾನ್ಯ ತಪ್ಪು. ಕಾರ್ಟ್ ಬರೆಯುವವರು ವಸ್ತುವಿನ ಸಂಖ್ಯೆಯನ್ನೇ ಕೀ ಮಾಡುತ್ತಾರೆ:

$_ಸೆಷನ್[5] = 2;

ಆ ಪುಟದಲ್ಲಿ ಎಲ್ಲ ಸರಿ ಕಾಣುತ್ತದೆ. ಪುಟ ಮುಗಿಯುವಾಗ ಪಿಎಚ್‌ಪಿ ಅಂಕಿಯ ಕೀಯನ್ನು ಬಿಟ್ಟು ಮುಂದೆ ಹೋಗುತ್ತದೆ. ಮುಂದಿನ ಪುಟದಲ್ಲಿ ಕಾರ್ಟ್ ಖಾಲಿ. ಉದ್ಧರಣ ಚಿಹ್ನೆ ಹಾಕಿ ‘5’ ಎಂದು ಬರೆದರೂ ಉಪಯೋಗವಿಲ್ಲ, ಏಕೆಂದರೆ ಅಂಥ ಕೀಯನ್ನು ಪಿಎಚ್‌ಪಿ ಅಂಕಿಯಾಗಿಯೇ ಪರಿವರ್ತಿಸಿಕೊಳ್ಳುತ್ತದೆ. ಸರಿಯಾದ ದಾರಿ, ಹೊರಗಿನ ಕೀಗೆ ಹೆಸರು ಕೊಟ್ಟು ಅಂಕಿಯನ್ನು ಒಳಗೆ ಇಡುವುದು:

$_ಸೆಷನ್['ಕಾರ್ಟ್'][5] = 2;

ಈ ನಿರ್ಬಂಧಗಳಿಲ್ಲದ ‘ಪಿಎಚ್‌ಪಿ_ಸೀರಿಯಲೈಸ್’ ಎಂಬ ವಿಧಾನ 5.5.4ನೇ ಆವೃತ್ತಿಯಿಂದ ಲಭ್ಯವಿದೆ. ಆದರೂ ಹೆಸರನ್ನು ಸರಿಪಡಿಸುವುದೇ ಮೇಲು. ನಾಳೆ ಬೇರೆ ಸರ್ವರ್‌ಗೆ ಹೋದಾಗ ಆ ಸೆಟ್ಟಿಂಗ್ ಜತೆಗೆ ಬರುತ್ತದೆಂಬ ಖಾತರಿ ಇಲ್ಲ. ಕಲಿಯುತ್ತಿರುವ ಪಾಠದಲ್ಲಿ ‘ಸೆಷನ್_ರಿಜಿಸ್ಟರ್’ ಎಂಬ ಫಂಕ್ಷನ್ ಕಂಡರೆ ಆ ಪಾಠವನ್ನು ಮುಚ್ಚಿಡಿ. 5.4ರಲ್ಲೇ ಅದನ್ನು ತೆಗೆದುಹಾಕಲಾಗಿದೆ.

ಜಾಂಗೋ (ಪೈಥಾನ್‌ನ ವೆಬ್ ಚೌಕಟ್ಟು). ಅಂಡರ್‌ಸ್ಕೋರ್‌ನಿಂದ ಶುರುವಾಗುವ ಹೆಸರುಗಳು ಜಾಂಗೋದ ಸ್ವಂತ ಬಳಕೆಗೆ ಮೀಸಲು. ಲಾಗಿನ್ ಆದವರ ಗುರುತನ್ನು ಅದು ‘_ಆಥ್_ಯೂಸರ್_ಐಡಿ’ಯಲ್ಲಿ ಇಡುತ್ತದೆ. ಇಲ್ಲಿ ಅಂಕಿಯ ಕೀ ಮಾಯವಾಗುವುದಿಲ್ಲ, ವೇಷ ಬದಲಿಸುತ್ತದೆ. ಮಾಹಿತಿ ಜೇಸನ್ ಎಂಬ ಪಠ್ಯ ರೂಪದಲ್ಲಿ ಹೋಗಿ ಬರುವುದರಿಂದ 0 ಎಂದು ಇಟ್ಟದ್ದು ಮುಂದಿನ ಕೋರಿಕೆಯಲ್ಲಿ ‘0’ ಎಂಬ ಪಠ್ಯವಾಗಿ ಸಿಗುತ್ತದೆ. ಅಂಕಿಯಿಂದ ಕೇಳಿದರೆ ಕೀಎರರ್, ಅಂದರೆ ಅಂಥ ಕೀ ಇಲ್ಲವೆಂಬ ದೋಷ.

ಲಾರಾವೆಲ್ (ಪಿಎಚ್‌ಪಿಯ ವೆಬ್ ಚೌಕಟ್ಟು). ಇಲ್ಲಿ ಚುಕ್ಕೆಗೆ ಅರ್ಥವಿದೆ. ‘ಕಾರ್ಟ್.ಟೋಟಲ್’ ಎಂದರೆ ‘ಕಾರ್ಟ್’ ಎಂಬ ಅರೇಯೊಳಗಿನ ‘ಟೋಟಲ್’. ಅದನ್ನು ಇಟ್ಟ ಮೇಲೆ ಯಾರಾದರೂ ‘ಕಾರ್ಟ್’ ಎಂಬ ಕೀಗೆ ಹೊಸ ಮೌಲ್ಯ ಬರೆದರೆ ಟೋಟಲ್ ಅಳಿಯುತ್ತದೆ. ಚುಕ್ಕೆಯನ್ನು ಬರೀ ಅಲಂಕಾರಕ್ಕೆ ಬಳಸಬೇಡಿ.

ಜಾವಾ. ಜೆಎಸ್‌ಪಿ ಎಂಬ ಜಾವಾ ವೆಬ್ ಪುಟದಲ್ಲಿ ಬರೀ ಹೆಸರು ಹೇಳಿ ಕೇಳಿದರೆ ಅದು ಮೊದಲು ಪುಟದಲ್ಲಿ, ಆಮೇಲೆ ರಿಕ್ವೆಸ್ಟ್‌ನಲ್ಲಿ, ಆಮೇಲೆ ಸೆಷನ್‌ನಲ್ಲಿ, ಕೊನೆಗೆ ಅಪ್ಲಿಕೇಷನ್‌ನಲ್ಲಿ ಹುಡುಕುತ್ತದೆ. ರಿಕ್ವೆಸ್ಟ್‌ನಲ್ಲೂ ‘ಯೂಸರ್’ ಇದ್ದರೆ ಸೆಷನ್‌ನ ‘ಯೂಸರ್’ ಅದರ ಹಿಂದೆ ಮರೆಯಾಗುತ್ತದೆ. ಸೆಷನ್‌ನದೇ ಬೇಕೆಂದರೆ ‘ಸೆಷನ್‌ಸ್ಕೋಪ್’ ಎಂದು ಸ್ಪಷ್ಟವಾಗಿ ಹೇಳಿ.

ಎಕ್ಸ್‌ಪ್ರೆಸ್. ‘ಕುಕಿ’, ‘ಐಡಿ’, ‘ಸೇವ್’, ‘ಡಿಸ್ಟ್ರಾಯ್’, ‘ರೀಲೋಡ್’, ‘ರೀಜನರೇಟ್’, ‘ಟಚ್’ ಎಂಬ ಹೆಸರುಗಳು ಸೆಷನ್ ಆಬ್ಜೆಕ್ಟ್‌ನ ಸ್ವಂತ ಆಸ್ತಿ. ನಿಮ್ಮ ಮಾಹಿತಿಗೆ ಅವುಗಳನ್ನು ಇಡಬೇಡಿ.

ದೊಡ್ಡಕ್ಷರ, ಸಣ್ಣಕ್ಷರದ ವಿಷಯದಲ್ಲೂ ಎಲ್ಲರದೂ ಒಂದೇ ನಡತೆಯಲ್ಲ. ಪಿಎಚ್‌ಪಿ, ಪೈಥಾನ್, ಜಾವಾಗಳಿಗೆ ಅವು ಬೇರೆ ಬೇರೆ ಹೆಸರು. ಮೈಕ್ರೋಸಾಫ್ಟ್‌ನ ಹಳೆಯ ಎಎಸ್‌ಪಿ ಡಾಟ್ ನೆಟ್‌ಗೆ ಒಂದೇ; ಅದರ ಕೋರ್ ಆವೃತ್ತಿಗೆ ಮತ್ತೆ ಬೇರೆ. ಹತ್ತು ವರ್ಷ ನಡೆದ ಕೋಡ್ ಕೋರ್‌ಗೆ ವರ್ಗವಾದ ದಿನ ಒಡೆಯುವುದು ಇಂಥ ಕಡೆಯೇ. ಎಲ್ಲವನ್ನೂ ಸಣ್ಣಕ್ಷರದಲ್ಲಿ ಬರೆದು, ಪದಗಳ ನಡುವೆ ಅಂಡರ್‌ಸ್ಕೋರ್ ಹಾಕಿದರೆ ಈ ಚಿಂತೆಯೇ ಇಲ್ಲ.

ಕನ್ನಡದಲ್ಲೇ ಕೀ ಇಡಬಹುದೇ ಎಂದು ಕೇಳುವವರಿದ್ದಾರೆ. ಪಿಎಚ್‌ಪಿ, ಪೈಥಾನ್ ಎರಡೂ ಬೇಡವೆನ್ನುವುದಿಲ್ಲ. ತೊಂದರೆ ಇರುವುದು ಬೇರೆ ಕಡೆ. ‘ಕೊ’ ಎಂಬ ಅಕ್ಷರದ ಒತ್ವವನ್ನು ಒಂದೇ ಯೂನಿಕೋಡ್ ಸಂಕೇತವಾಗಿಯೂ ಬರೆಯಬಹುದು, ಎತ್ವದ ಚಿಹ್ನೆ ಮತ್ತು ದೀರ್ಘ ಊತ್ವದ ಚಿಹ್ನೆ ಎಂದು ಎರಡು ಸಂಕೇತವಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಸೆಷನ್‌ಗೆ ಎರಡು ಬೇರೆ ಕೀ. ಅರ್ಧಾಕ್ಷರದ ನಂತರ ನುಸುಳುವ ಅದೃಶ್ಯ ಸಂಕೇತಗಳದ್ದೂ ಇದೇ ಕಥೆ. ಕಣ್ಣಿಗೆ ಕಾಣದ ತಪ್ಪನ್ನು ಕಣ್ಣಿನಿಂದ ಹುಡುಕಲಾಗದು. ಮೌಲ್ಯಗಳು ಕನ್ನಡದಲ್ಲಿರಲಿ, ಕೀಗಳು ರೋಮನ್‌ನಲ್ಲಿರಲಿ.

## ಹಂತ 4: ಹೆಸರನ್ನು ಕಟ್ಟಿ

ನಾನು ಬಳಸುವ ಅಚ್ಚು ಸರಳ: ಮೊದಲು ಯಾವ ಭಾಗದ್ದು, ಆಮೇಲೆ ಏನು. ‘ಲಾಗಿನ್_ಯೂಸರ್_ಐಡಿ’, ‘ಚೆಕ್‌ಔಟ್_ಅಡ್ರೆಸ್_ಐಡಿ’, ‘ರಿಸೆಟ್_ಯೂಸರ್_ಐಡಿ’. ಹೆಸರಿನ ಮೊದಲ ಪದ ನೋಡಿದ ಕೂಡಲೇ ಇದರ ಮಾಲೀಕ ಯಾರೆಂದು ತಿಳಿಯಬೇಕು. ‘ಡೇಟಾ’, ‘ಟೆಂಪ್’, ‘ಐಡಿ’, ‘ನೇಮ್’, ‘ಸ್ಟೇಟಸ್’ ಇವು ಹೆಸರುಗಳೇ ಅಲ್ಲ.

ಒಂದು ಭಾಗಕ್ಕೆ ಸೇರಿದ ವೇರಿಯಬಲ್‌ಗಳು ನಾಲ್ಕೈದಾದರೆ ಅವನ್ನು ಒಂದೇ ಕೀಯೊಳಗೆ ಗುಂಪು ಮಾಡಿ. ಕೆಲಸ ಮುಗಿದಾಗ ‘ಚೆಕ್‌ಔಟ್’ ಎಂಬ ಒಂದನ್ನು ಅಳಿಸಿದರೆ ಇಡೀ ಗುಂಪು ಹೋಗುತ್ತದೆ. ಆದರೆ ಜಾಂಗೋ ಮತ್ತು ಪೈಥಾನ್‌ನ ಇನ್ನೊಂದು ಚೌಕಟ್ಟಾದ ಫ್ಲಾಸ್ಕ್‌ನಲ್ಲಿ ಒಳಗಿನ ಮೌಲ್ಯ ಮಾತ್ರ ಬದಲಿಸಿದರೆ ಸೆಷನ್ ಬದಲಾಗಿದೆ ಎಂದು ಅವಕ್ಕೆ ಗೊತ್ತಾಗುವುದಿಲ್ಲ. ‘ಮಾಡಿಫೈಡ್’ ಎಂಬುದನ್ನು ನೀವೇ ಟ್ರೂ ಮಾಡಬೇಕು.

ಹೌದು, ಇಲ್ಲ ಎಂಬ ಎರಡೇ ಉತ್ತರವಿರುವ ವೇರಿಯಬಲ್‌ಗಳಲ್ಲಿ ಹೆಸರು ಭದ್ರತೆಯ ಪ್ರಶ್ನೆಯಾಗುತ್ತದೆ. ಸೆಷನ್ ವೇರಿಯಬಲ್ ಯಾವಾಗ ಬೇಕಾದರೂ ಇಲ್ಲದಿರಬಹುದು: ಅವಧಿ ಮುಗಿದಿರಬಹುದು, ಬರೆಯುವ ಪುಟಕ್ಕೆ ಬಳಕೆದಾರ ಹೋಗದೆಯೇ ಇರಬಹುದು. ಇಲ್ಲದ ವೇರಿಯಬಲ್ ಸಾಮಾನ್ಯವಾಗಿ ‘ಇಲ್ಲ’ ಎಂದೇ ಓದಿಸಿಕೊಳ್ಳುತ್ತದೆ. ‘ಈಸ್_ಬ್ಲಾಕ್ಡ್’ ಎಂದು ಹೆಸರಿಟ್ಟರೆ, ಅದು ಕಳೆದುಹೋದ ಕ್ಷಣ ನಿರ್ಬಂಧಿತ ಬಳಕೆದಾರನಿಗೆ ಬಾಗಿಲು ತೆರೆಯುತ್ತದೆ. ‘ಈಸ್_ವೆರಿಫೈಡ್’ ಎಂದಿಟ್ಟರೆ, ಕಳೆದುಹೋದಾಗ ಬಾಗಿಲು ಮುಚ್ಚುತ್ತದೆ. ಇಲ್ಲದಿರುವಿಕೆ ಸುರಕ್ಷಿತ ಪಕ್ಕಕ್ಕೆ ಬೀಳುವಂತೆ ಹೆಸರಿಡಿ.

ಉದ್ದದ ಬಗ್ಗೆ ಅತಿಯಾಗಿ ಜಿಪುಣತನ ಬೇಡ. ಫ್ಲಾಸ್ಕ್ ಮತ್ತು ರೂಬಿ ಭಾಷೆಯ ರೈಲ್ಸ್ ತಾವಾಗಿ ಸೆಷನ್ ಅನ್ನು ಕುಕಿಯಲ್ಲೇ ಇಡುವುದರಿಂದ ಸುಮಾರು 4 ಕಿಲೋಬೈಟ್‌ಗಳ ಮಿತಿಯಲ್ಲಿ ಹೆಸರಿನ ಅಕ್ಷರಗಳೂ ಲೆಕ್ಕಕ್ಕೆ ಬರುತ್ತವೆ. ಅಲ್ಲಿಯೂ ತೊಂದರೆ ಕೊಡುವುದು ದೊಡ್ಡ ಮೌಲ್ಯಗಳೇ ಹೊರತು ಹೆಸರುಗಳಲ್ಲ. ಫ್ಲಾಸ್ಕ್‌ನ ಕುಕಿಗೆ ಸಹಿ ಇದೆ, ಮುಸುಕಿಲ್ಲ. ಬಳಕೆದಾರ ಹೆಸರು, ಮೌಲ್ಯ ಎರಡನ್ನೂ ಓದಬಲ್ಲ.

## ಹಂತ 5: ಒಂದು ಹೆಸರಿಗೆ ಒಂದೇ ಕೆಲಸ

ಎರಡನೆಯ ಹಂತದಲ್ಲಿ ಕೆಂಪು ಸುತ್ತು ಹಾಕಿದವುಗಳನ್ನು ಈಗ ತೆಗೆಯಿರಿ. ಹೀಗೊಂದು ತಾಣ ಇದೆಯೆಂದುಕೊಳ್ಳಿ. ಲಾಗಿನ್ ಪುಟ ಪಾಸ್‌ವರ್ಡ್ ಸರಿಯಿದ್ದರೆ ‘ಯೂಸರ್_ಐಡಿ’ ಇಡುತ್ತದೆ. ಖಾತೆಯ ಪುಟ ‘ಯೂಸರ್_ಐಡಿ’ ಇದೆಯೇ ಎಂದಷ್ಟೇ ನೋಡಿ ಒಳಬಿಡುತ್ತದೆ. ಪಾಸ್‌ವರ್ಡ್ ಮರೆತವರ ಪುಟ ಬರೆದವರು ಬೇರೆ. ಅದರಲ್ಲಿ ಇಮೇಲ್ ತುಂಬಿದ ಕೂಡಲೇ ಆ ಖಾತೆಯ ಸಂಖ್ಯೆಯನ್ನು ಅವರೂ ‘ಯೂಸರ್_ಐಡಿ’ಯಲ್ಲೇ ಇಟ್ಟು ಓಟಿಪಿ ಕಳಿಸುತ್ತಾರೆ.

ಈಗ ಒಬ್ಬ ಬೇರೆಯವರ ಇಮೇಲ್ ತುಂಬುತ್ತಾನೆ. ಓಟಿಪಿ ಅವನಿಗೆ ಬರುವುದಿಲ್ಲ, ಅವನಿಗೆ ಬೇಕಾಗಿಯೂ ಇಲ್ಲ. ಬ್ರೌಸರ್‌ನ ವಿಳಾಸಪಟ್ಟಿಯಲ್ಲಿ ಖಾತೆಯ ಪುಟದ ವಿಳಾಸ ಬರೆದು ಎಂಟರ್ ಒತ್ತುತ್ತಾನೆ. ‘ಯೂಸರ್_ಐಡಿ’ ಇದೆ, ಒಳಗೆ ಬಂದ. ಎರಡೂ ಪುಟಗಳನ್ನು ಪ್ರತ್ಯೇಕವಾಗಿ ನೋಡಿದರೆ ಯಾವುದರಲ್ಲೂ ತಪ್ಪಿಲ್ಲ. ತಪ್ಪಿರುವುದು ಹೆಸರಿನಲ್ಲಿ. ಇದಕ್ಕೆ ‘ಸೆಷನ್ ಪಜ್ಲಿಂಗ್’ ಎಂದು ಹೆಸರಿದೆ. ವೆಬ್ ಭದ್ರತೆಯ ಓವಾಸ್ಪ್ ಸಂಸ್ಥೆ ಇದನ್ನು ಪ್ರತ್ಯೇಕವಾಗಿ ಪರೀಕ್ಷಿಸಬೇಕಾದ ದೋಷಗಳಲ್ಲಿ ಸೇರಿಸಿದೆ.

ಪರಿಹಾರ: ಸಾಬೀತಾದ ಗುರುತಿಗೆ ‘ಲಾಗಿನ್_ಯೂಸರ್_ಐಡಿ’, ಇನ್ನೂ ಸಾಬೀತಾಗದ್ದಕ್ಕೆ ‘ರಿಸೆಟ್_ಯೂಸರ್_ಐಡಿ’. ಮೊದಲನೆಯದನ್ನು ಬರೆಯುವ ಹಕ್ಕು ಇಡೀ ಪ್ರಾಜೆಕ್ಟ್‌ನಲ್ಲಿ ಒಂದೇ ಫಂಕ್ಷನ್‌ಗೆ ಇರಲಿ. ಎರಡನೆಯದನ್ನು ಕೆಲಸ ಮುಗಿದ ಕೂಡಲೇ ಅಳಿಸಿ. ಪರೀಕ್ಷೆಗೆ ಖಾಸಗಿ ಕಿಟಕಿ ತೆರೆದು, ನೋಂದಣಿ ಮತ್ತು ಪಾಸ್‌ವರ್ಡ್ ಮರೆವಿನ ಪ್ರಕ್ರಿಯೆಗಳನ್ನು ಅರ್ಧಕ್ಕೆ ನಿಲ್ಲಿಸಿ, ಲಾಗಿನ್ ಬೇಕಾದ ಪ್ರತಿ ಪುಟದ ವಿಳಾಸವನ್ನೂ ಕೈಯಾರೆ ಬರೆದು ನೋಡಿ. ಹೆಸರು ಸರಿಯಾದರೂ ಲಾಗಿನ್ ಆದ ಕೂಡಲೇ ಸೆಷನ್ ಐಡಿ ಬದಲಿಸುವುದನ್ನು ಬಿಡಬೇಡಿ. ಅದು ಬೇರೆಯೇ ಪಾಠ.

ಇದೇ ಜಾತಿಯ ಇನ್ನೊಂದು ತಪ್ಪು, ಫಾರ್ಮ್‌ನಿಂದ ಬಂದ ಹೆಸರನ್ನೇ ಕೀ ಮಾಡುವುದು. ಬಂದ ಕ್ಷೇತ್ರಗಳನ್ನೆಲ್ಲ ಲೂಪ್ ಹಾಕಿ ಸೆಷನ್‌ಗೆ ಸುರಿದರೆ, ‘ಈಸ್_ಅಡ್ಮಿನ್’ ಎಂಬ ಕ್ಷೇತ್ರವನ್ನು ತಾನೇ ಸೇರಿಸಿ ಕಳಿಸುವವನಿಗೆ ನೀವೇ ಕೀಲಿಕೈ ಕೊಟ್ಟಂತೆ. ಯಾವ ಹೆಸರುಗಳಿಗೆ ಪ್ರವೇಶ ಎಂಬ ಪಟ್ಟಿ ಕೋಡ್‌ನಲ್ಲಿರಬೇಕು.

## ಹಂತ 6: ಎರಡು ಟ್ಯಾಬ್ ತೆರೆದು ನೋಡಿ

‘ಎಡಿಟ್_ಐಡಿ’ ಎಂಬ ಹೆಸರು ಒಪ್ಪವಾಗಿಯೇ ಇದೆ. ಬಳಕೆದಾರ ಒಂದು ಟ್ಯಾಬ್‌ನಲ್ಲಿ 41ನೇ ದಾಖಲೆ, ಇನ್ನೊಂದರಲ್ಲಿ 42ನೇ ದಾಖಲೆ ತೆರೆದ. ಮೊದಲ ಟ್ಯಾಬ್‌ಗೆ ಬಂದು ಉಳಿಸಿದ. ಬದಲಾದದ್ದು 42. ಎರಡೂ ಟ್ಯಾಬ್‌ಗಳಿಗೆ ಸೆಷನ್ ಒಂದೇ.

ದಾಖಲೆಯ ಸಂಖ್ಯೆ ಫಾರ್ಮ್‌ನಲ್ಲೇ ಇರಲಿ, ಅದನ್ನು ಬದಲಿಸುವ ಅನುಮತಿ ಇದೆಯೇ ಎಂದು ಸರ್ವರ್ ಪ್ರತಿ ಬಾರಿ ನೋಡಲಿ. ಹಲವು ಪುಟಗಳ ಫಾರ್ಮ್ ಆಗಿ ಸೆಷನ್ ಬೇಕೇ ಬೇಕೆಂದರೆ ‘ಎಡಿಟ್’ ಎಂಬ ಕೀಯೊಳಗೆ ಪ್ರತಿ ಫಾರ್ಮ್‌ಗೂ ಒಂದು ಬೇರೆ ಗುರುತು ಕೊಟ್ಟು ಇಡಿ.

## ಹಂತ 7: ಹೆಸರುಗಳನ್ನು ಒಂದೇ ಕಡತಕ್ಕೆ ತನ್ನಿ

ಪಟ್ಟಿ ಕಾಗದದಲ್ಲಿದ್ದರೆ ಸಾಲದು. ಪ್ರತಿ ಹೆಸರನ್ನೂ ಒಂದು ಕ್ಲಾಸ್‌ನ ಕಾನ್ಸ್ಟಂಟ್ (ಬದಲಾಗದ ಮೌಲ್ಯ) ಮಾಡಿ, ಪಕ್ಕದಲ್ಲಿ ಒಂದು ಸಾಲಿನ ಟಿಪ್ಪಣಿ ಬರೆಯಿರಿ. ಉದ್ಧರಣ ಚಿಹ್ನೆಯೊಳಗೆ ಹೆಸರನ್ನು ತಪ್ಪಾಗಿ ಬರೆದರೆ ಪಿಎಚ್‌ಪಿ ಒಂದು ಎಚ್ಚರಿಕೆ ಕೊಟ್ಟು ನಲ್ (ಏನೂ ಇಲ್ಲ) ಎಂದುಕೊಂಡು ಮುಂದೆ ಸಾಗುತ್ತದೆ. ಕಾನ್ಸ್ಟಂಟ್‌ನ ಹೆಸರು ತಪ್ಪಿದರೆ ಅಲ್ಲೇ ನಿಲ್ಲುತ್ತದೆ. ಪೈಥಾನ್‌ನಲ್ಲಿ ‘ಗೆಟ್’ ಬಳಸುವವರಿಗೆ ಎಚ್ಚರಿಕೆಯೂ ಸಿಗುವುದಿಲ್ಲ, ಏನೂ ಇಲ್ಲವೆನ್ನುವ ‘ನನ್’ ಬರುತ್ತದೆ ಅಷ್ಟೆ. ಮುಂದೆ ಆ ಕಡತ ಬಿಟ್ಟು ಬೇರೆಲ್ಲಾದರೂ ನೇರವಾಗಿ ಬರೆದ ಕೀ ಇದೆಯೇ ಎಂದು ಗ್ರೆಪ್‌ನಿಂದ ಆಗಾಗ ಹುಡುಕಿ.

## ಹಂತ 8: ಹಳೆಯ ಹೆಸರನ್ನು ಬದಲಿಸುವಾಗ

ಹೊಸ ಕೋಡ್ ಸರ್ವರ್‌ಗೆ ಹೋದ ಕ್ಷಣದಲ್ಲಿ ಹಳೆಯ ಹೆಸರಿನ ಸೆಷನ್‌ಗಳು ಇನ್ನೂ ಜೀವಂತವಾಗಿರುತ್ತವೆ. ಹುಡುಕಿ ಬದಲಿಸುವ ಆಜ್ಞೆಯಿಂದ ಎಲ್ಲವನ್ನೂ ಒಮ್ಮೆಲೇ ತಿದ್ದಿದರೆ ಆ ಬಳಕೆದಾರರ ಕಾರ್ಟ್ ಖಾಲಿಯಾಗುತ್ತದೆ.

ಮೊದಲು, ಬರೆಯುವುದು ಹೊಸ ಹೆಸರಿಗೆ ಮಾತ್ರ. ಓದುವಾಗ ಹೊಸದನ್ನು ನೋಡಿ; ಅದಿಲ್ಲದೆ ಹಳೆಯದು ಇದ್ದರೆ ಮೌಲ್ಯವನ್ನು ಹೊಸದಕ್ಕೆ ನಕಲು ಮಾಡಿ ಹಳೆಯದನ್ನು ಅಳಿಸಿ. ಒಂದು ಸೆಷನ್‌ನ ಗರಿಷ್ಠ ಆಯುಷ್ಯದಷ್ಟು ಕಾದು ಈ ಸೇತುವೆಯನ್ನು ಕೋಡ್‌ನಿಂದ ತೆಗೆಯಿರಿ. ಸೆಟ್ಟಿಂಗ್ ಬದಲಿಸದಿದ್ದರೆ ಪಿಎಚ್‌ಪಿಯಲ್ಲಿ ಬಳಸದ ಸೆಷನ್ 1440 ಸೆಕೆಂಡುಗಳ ನಂತರ ಕಸವೆನಿಸಿಕೊಳ್ಳುತ್ತದೆ, ಜಾವಾದ ಸರ್ವರ್ ಟಾಮ್‌ಕ್ಯಾಟ್‌ನಲ್ಲಿ 30 ನಿಮಿಷ, ಜಾಂಗೋದಲ್ಲಿ ಎರಡು ವಾರ. ಪಿಎಚ್‌ಪಿಯ ಕಸ ಗುಡಿಸುವಿಕೆ ಗಡಿಯಾರದಂತೆ ನಡೆಯುವುದಿಲ್ಲ, ಆದ್ದರಿಂದ ಒಂದೆರಡು ದಿನ ಹೆಚ್ಚೇ ಕಾಯಿರಿ.

ಒಳಗಿನ ಮಾಹಿತಿಯ ರೂಪ ಬದಲಾದರೂ ಹೆಸರು ಬದಲಿಸಿ. ‘ಕಾರ್ಟ್’ ನಿನ್ನೆಯವರೆಗೆ ಸಂಖ್ಯೆಗಳ ಪಟ್ಟಿಯಾಗಿದ್ದು ಇಂದು ವಸ್ತು ಮತ್ತು ಪ್ರಮಾಣಗಳ ಜೋಡಿಯಾದರೆ, ಹಳೆಯ ಸೆಷನ್ ಹೊತ್ತು ಬಂದವನ ಪುಟ ಒಡೆಯುತ್ತದೆ.

## ಎಚ್ಚರಿಕೆಯ ಲಕ್ಷಣಗಳು

ಇಟ್ಟ ಪುಟದಲ್ಲಿ ಮೌಲ್ಯ ಕಂಡು ಮುಂದಿನ ಪುಟದಲ್ಲಿ ಕಾಣದಿದ್ದರೆ ಅಂಕಿಯ ಕೀ ಅಥವಾ ಲಂಬ ಗೆರೆಯನ್ನು ಶಂಕಿಸಿ. ಒಂದು ಪುಟಕ್ಕೆ ಹೋಗಿ ಬಂದ ಮೇಲೆ ಮಾತ್ರ ಮೌಲ್ಯ ಬದಲಾಗುತ್ತಿದ್ದರೆ ಹೆಸರು ಇಬ್ಬರ ಕೈಯಲ್ಲಿದೆ. ಲಾಗ್‌ಔಟ್ ಆದ ಮೇಲೂ ಹೆಸರು ತಲೆಬರಹದಲ್ಲಿ ಉಳಿದರೆ ಎರಡನೆಯ ಹಂತದ ಪಟ್ಟಿಗೆ ಹಿಂದಿರುಗಿ. ಲಾಗ್‌ಔಟ್ ಪುಟದಲ್ಲಿ ಇಡೀ ಸೆಷನ್ ಅರೇಯನ್ನೇ ಅನ್‌ಸೆಟ್ ಮಾಡಿದ್ದರೆ ಅದನ್ನು ತಿದ್ದಿ. ಹಾಗೆ ಮಾಡಿದರೆ ಆ ಪುಟದಲ್ಲಿ ಮುಂದೆ ಇಡುವ ವೇರಿಯಬಲ್‌ಗಳು ಉಳಿಯುವುದಿಲ್ಲ. ಖಾಲಿ ಅರೇ ಕೊಡಿ, ಆಮೇಲೆ ಸೆಷನ್ ನಾಶಪಡಿಸಿ.

ಎಲ್ಲ ಹೆಸರುಗಳೂ ಸರಿಯಾಗಿ ಹೊಂದಿ, ಆದರೂ ಸೆಷನ್ ಪ್ರತಿ ಪುಟದಲ್ಲಿ ಖಾಲಿಯಿದ್ದರೆ ತಪ್ಪು ಹೆಸರಿನದಲ್ಲ. ಬ್ರೌಸರ್‌ನ ಡೆವಲಪರ್ ಟೂಲ್ಸ್‌ನಲ್ಲಿ ಕುಕಿ ಪಟ್ಟಿ ತೆರೆದು ಐಡಿ ಪ್ರತಿ ಪುಟಕ್ಕೂ ಬದಲಾಗುತ್ತಿದೆಯೇ ನೋಡಿ. ಬದಲಾಗುತ್ತಿದ್ದರೆ ಕುಕಿಯ ಸೆಟ್ಟಿಂಗ್ ನೋಡಿ. ಇಲ್ಲದಿದ್ದರೆ ಆ ಪುಟದಲ್ಲಿ ಸೆಷನ್ ಆರಂಭಿಸುವ ಸಾಲು ಇದೆಯೇ, ಅದಕ್ಕೂ ಮೊದಲು ಒಂದು ಖಾಲಿ ಸಾಲಾದರೂ ಬ್ರೌಸರ್‌ಗೆ ಹೋಗಿದೆಯೇ ಎಂದು ಪರಿಶೀಲಿಸಿ.